ಪಾಚಿ ಓದಿ ಏನು ಮಾಡ್ತೀಯ?

ಬೇಗೂರು ಕೆರೆಯ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರಿಗೆ ಎಂ.ಎಸ್ಸಿ ಕೊನೆಯ ಸೆಮಿಸ್ಟರ್‌ನಲ್ಲಿ ನಾನು ಒಂದು ಮನರಂಜನೆಯಾಗಿದ್ದೆ. ಕೈಯಲ್ಲಿ ಜಾಮ್ ಬಾಟಲಿ, ಹೆಗಲಿಗೆ ಕಾಲೇಜು ಬ್ಯಾಗು. ನೀರಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಲ್ಲಿಗಂಟಿದ ಹಸಿರನ್ನು ಹಳೇ ಟೂತ್‌ಬ್ರಷ್‌ನಿಂದ ಕೆರೆದು ಬಾಟಲಿಗೆ ತುಂಬುತ್ತಿದ್ದೆ. "ಏನಮ್ಮಾ, ಮೀನಿನ ಮರಿ ಹಿಡೀತಿದ್ದೀಯಾ?" ಎಂದು ಒಬ್ಬರು. "ಮುಖಕ್ಕೆ ಹಚ್ಚೋಕಾ?" ಎಂದು ಇನ್ನೊಬ್ಬರು. ಪಾಚಿ ಎಂದು ಹೇಳಿದರೆ ಎಲ್ಲರದೂ ಒಂದೇ ಪ್ರಶ್ನೆ: "ಪಾಚಿ ಓದಿ ಏನು ಮಾಡ್ತೀಯ?"

ಮನೆಯಲ್ಲೂ ಅದೇ ಪ್ರಶ್ನೆ. ಅಪ್ಪ ಕೇಳಿದಾಗ ಮಾತ್ರ ಉತ್ತರ ಗಂಟಲಲ್ಲೇ ಉಳಿಯಿತು. ಏಕೆಂದರೆ ನನ್ನ ಪ್ರಾಜೆಕ್ಟಿನ ವಿಷಯ 'ಭಾರಲೋಹಗಳು ಸಿಹಿನೀರಿನ ಹಸಿರು ಪಾಚಿಗೆ ಏನು ಮಾಡುತ್ತವೆ' ಎಂಬುದು. ಅಪ್ಪ ಹದಿನೆಂಟು ವರ್ಷ ದುಡಿದದ್ದು ಹೊಸೂರು ರಸ್ತೆಯ ಆಚೆಗಿದ್ದ ಒಂದು ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನಲ್ಲಿ. ನಲ್ಲಿಗಳಿಗೆ, ಬೈಕಿನ ಬಿಡಿಭಾಗಗಳಿಗೆ ನಿಕಲ್ ಮತ್ತು ಕ್ರೋಮಿಯಂನ ಹೊಳಪು ಕೊಡುವ ಕೆಲಸ. ನನ್ನ ಫೀಸು ಬಂದದ್ದು ಆ ಹೊಳಪಿನಿಂದಲೇ.

ಕಲ್ಲಿನ ದಾಖಲೆ, ಪಾಚಿಯ ದಾಖಲೆ

ನಮ್ಮೂರು ಬೇಗೂರಿಗೆ ಹೆಮ್ಮೆಪಡಲು ಒಂದು ಕಾರಣವಿದೆ. ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನದಲ್ಲಿ 'ಬೆಂಗಳೂರು' ಕಾಳಗದ ಮಾತು ಬರುತ್ತದೆ. ಬೆಂಗಳೂರು ಎಂಬ ಹೆಸರಿಗೆ ಸಿಕ್ಕಿರುವ ಹಳೆಯ ದಾಖಲೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಸಾವಿರದ ನೂರು ವರ್ಷದ ಹಿಂದೆ ಇಲ್ಲಿ ಯಾರು ಸತ್ತರು ಎಂಬುದನ್ನು ಕಲ್ಲು ಇಂದಿಗೂ ಹೇಳುತ್ತಿದೆ.

ಕೆರೆಯ ನೀರಿನಲ್ಲಿ ಈಗ ಏನು ಸಾಯುತ್ತಿದೆ ಎಂಬುದನ್ನು ಹೇಳುವುದು ಪಾಚಿ. ಅದನ್ನು ಓದಲು ಮಾತ್ರ ಮೈಕ್ರೋಸ್ಕೋಪ್ ಬೇಕು.

ಪಿಯುಸಿಯಲ್ಲಿ ಸ್ಪೈರೋಗೈರಾದ ಚಿತ್ರ ಬರೆದದ್ದು ನಿಮಗೂ ನೆನಪಿರಬಹುದು. ಕೂದಲಿನಂಥ ಎಳೆಯೊಳಗೆ ಸ್ಪ್ರಿಂಗಿನಂತೆ ಸುತ್ತಿಕೊಂಡ ಹಸಿರು ಪಟ್ಟಿ. ಹಸಿರು ಪಾಚಿಯ ದೊಡ್ಡ ಬಳಗದಲ್ಲಿ ಅದು ಒಂದು. ಒಂಟಿ ಕೋಶದ ಕ್ಲೋರೆಲ್ಲಾ, ನಾಲ್ಕು ಕೋಶಗಳು ಸಾಲಾಗಿ ಕೂತ ಸೆನೆಡೆಸ್ಮಸ್, ಎರಡು ಬಾಲದಿಂದ ಈಜುವ ಕ್ಲಾಮಿಡೊಮೊನಾಸ್, ನಕ್ಷತ್ರದಂಥ ಪೀಡಿಯಾಸ್ಟ್ರಮ್, ಒರಟು ಕೂದಲಿನಂಥ ಕ್ಲಾಡೋಫೋರಾ ಎಲ್ಲವೂ ಇದೇ ಬಳಗ. ಇವು ಬಿಸಿಲು ಹೀರಿ ಆಹಾರ ತಯಾರಿಸಿ ನೀರಿಗೆ ಆಮ್ಲಜನಕ ಬಿಡುತ್ತವೆ. ಇವನ್ನು ನೀರುಚಿಗಟದಂಥ ಸೂಕ್ಷ್ಮಜೀವಿಗಳು ತಿನ್ನುತ್ತವೆ, ಅವನ್ನು ಮೀನು, ಮೀನನ್ನು ನೀರುಕಾಗೆ ಮತ್ತು ನಾವು. ಕೆರೆಯ ಅಡುಗೆಮನೆ ಇರುವುದು ಈ ಕಣ್ಣಿಗೆ ಕಾಣದ ಹಸಿರಿನಲ್ಲಿ.

ಬೇಕಾದದ್ದೇ ವಿಷವಾದಾಗ

ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ತಾಮ್ರ, ಸತು ಇವನ್ನು ಸಾಮಾನ್ಯವಾಗಿ ಭಾರಲೋಹಗಳೆಂದು ಕರೆಯುತ್ತೇವೆ. ಇವೆಲ್ಲವೂ ಹುಟ್ಟು ವೈರಿಗಳಲ್ಲ. ಪಾಚಿಯ ದ್ಯುತಿಸಂಶ್ಲೇಷಣೆಗೆ ಚೂರು ತಾಮ್ರ ಬೇಕು, ಕೆಲವು ಕಿಣ್ವಗಳಿಗೆ ಸತು ಬೇಕು. ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಸೀಸ ಮತ್ತು ಪಾದರಸದಿಂದ ಮಾತ್ರ ಅದಕ್ಕೆ ಯಾವ ಉಪಯೋಗವೂ ಇಲ್ಲ.

ತಾಮ್ರದ ಈ ಎರಡು ಮುಖ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಯುತ್ತಾರಲ್ಲ, ಆ ಮೈಲುತುತ್ತ ತಾಮ್ರದ ಸಲ್ಫೇಟ್. ನೀರಿನ ಪಾಚಿಯನ್ನು ಕೊಲ್ಲಲು ಅದೇ ಉಪ್ಪನ್ನು ಬಳಸಬಹುದೆಂದು ಅಮೆರಿಕದ ಕೃಷಿ ಇಲಾಖೆಯ ಇಬ್ಬರು ವಿಜ್ಞಾನಿಗಳು 1904ರಲ್ಲೇ ಬರೆದಿದ್ದರು. ಜಲಾಶಯಗಳಲ್ಲಿ ಪಾಚಿ ನಿಯಂತ್ರಿಸಲು ಇವತ್ತಿಗೂ ಅದನ್ನು ಬಳಸುವವರಿದ್ದಾರೆ.

ಹಾಗಾಗಿ ನಾನೂ ಮೈಲುತುತ್ತದಿಂದಲೇ ಶುರುಮಾಡಿದೆ. ಪಾಚಿ ಬೆಳೆಸುವ ಪೋಷಕ ದ್ರಾವಣವನ್ನು ನಾಲ್ಕು ಫ್ಲಾಸ್ಕ್‌ಗೆ ಹಾಕಿ, ಎಲ್ಲಕ್ಕೂ ಸಮನಾಗಿ ಸೆನೆಡೆಸ್ಮಸ್ ಬಿಟ್ಟೆ. ಒಂದಕ್ಕೆ ತಾಮ್ರವಿಲ್ಲ. ಉಳಿದವಕ್ಕೆ ಲೀಟರ್‌ಗೆ 0.05, 0.1 ಮತ್ತು 0.5 ಮಿಲಿಗ್ರಾಂ. ನಾಲ್ಕು ದಿನ ಕಾದೆ. ನಾಲ್ಕೂ ಫ್ಲಾಸ್ಕ್ ಒಂದೇ ಹಸಿರು! ನನ್ನ ಮುಖ ಮಾತ್ರ ಬಿಳಿಚಿತ್ತು. ಪ್ರಾಜೆಕ್ಟ್ ಮುಳುಗಿತು ಎಂದುಕೊಂಡೆ.

ಗೈಡ್ ನಕ್ಕು, "ನಿನ್ನ ದ್ರಾವಣದಲ್ಲಿ ಏನೇನಿದೆ ಓದಿದ್ದೀಯಾ?" ಎಂದರು. ಓದಿದೆ. ಅದರಲ್ಲಿ ಇಡಿಟಿಎ ಇತ್ತು. ಇದು ಲೋಹಗಳನ್ನು ಇಕ್ಕಳದಂತೆ ಹಿಡಿದಿಟ್ಟುಕೊಳ್ಳುವ ರಾಸಾಯನಿಕ. ನಾನು ಹಾಕಿದ ತಾಮ್ರ ನೀರಿನಲ್ಲಿ ಇತ್ತು, ಆದರೆ ಪಾಚಿಯ ಬಾಯಿಗೆ ಸಿಗುವ ಸ್ಥಿತಿಯಲ್ಲಿ ಇರಲಿಲ್ಲ. ಇಡಿಟಿಎ ಇಲ್ಲದ ದ್ರಾವಣದಲ್ಲಿ ಮತ್ತೆ ಮಾಡಿದಾಗ ಕಥೆಯೇ ಬೇರೆ. 0.05ರ ಫ್ಲಾಸ್ಕ್‌ನಲ್ಲಿ ಬೆಳವಣಿಗೆ ಕುಂಟಿತು. 0.5ರದ್ದು ಮೂರನೇ ದಿನಕ್ಕೆ ಹಳದಿಗೆ ತಿರುಗಿ ತಳಕ್ಕಿಳಿಯಿತು.

ಆ ಮೊದಲ ಸೋಲು ನನಗೆ ಕೆರೆಯನ್ನು ನೋಡುವ ಕ್ರಮ ಕಲಿಸಿತು. ಕೆರೆಯಲ್ಲೂ ಇಂಥ ಇಕ್ಕಳಗಳಿವೆ. ಕೊಳೆತ ಎಲೆ, ಚರಂಡಿಯ ಸಾವಯವ ಪದಾರ್ಥ, ಹೂಳು, ಗಡಸು ನೀರಿನ ಸುಣ್ಣ ಎಲ್ಲವೂ ಲೋಹದ ಹಲ್ಲನ್ನು ಸ್ವಲ್ಪ ಮೊಂಡು ಮಾಡುತ್ತವೆ. ನೀರಿನ ಆಮ್ಲತೆ ಬದಲಾದರೆ, ಹೂಳು ಕಲಕಿದರೆ ಅಲ್ಲಿ ಕೂತಿದ್ದ ಲೋಹ ಮತ್ತೆ ನೀರಿಗೆ ಬರಬಹುದು. ಆದ್ದರಿಂದ 'ಇವತ್ತು ಪಾಚಿ ಚೆನ್ನಾಗಿದೆ' ಎಂದರೆ 'ಲೋಹ ಇಲ್ಲ' ಎಂದು ಅರ್ಥವಲ್ಲ.

ಸತ್ತರೂ ಹಸಿರು

ಪಾಚಿಯ ಕೋಶದೊಳಗೆ ಹೊಕ್ಕ ಲೋಹ ಏನು ಮಾಡುತ್ತದೆ? ಹರಿತ್ತಿನ ಅಣುವಿನ ನಟ್ಟನಡುವೆ ಒಂದು ಮೆಗ್ನೀಷಿಯಂ ಪರಮಾಣು ಕೂತಿರುತ್ತದೆ. ಬೆಳಕನ್ನು ಹಿಡಿದು ಮುಂದಕ್ಕೆ ದಾಟಿಸುವ ಕೆಲಸ ಸರಿಯಾಗಿ ನಡೆಯಲು ಅದು ಅಲ್ಲೇ ಇರಬೇಕು. ತಾಮ್ರ, ಸತು, ಕ್ಯಾಡ್ಮಿಯಂ, ಪಾದರಸದಂಥವು ಬಂದು ಮೆಗ್ನೀಷಿಯಂ ಅನ್ನು ಎಬ್ಬಿಸಿ ತಾವು ಕೂರುತ್ತವೆ. 1990ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಇದನ್ನು ಜಲಸಸ್ಯಗಳಲ್ಲಿ ತೋರಿಸಿದರು. ಮುಂದೆ ಸೆನೆಡೆಸ್ಮಸ್‌ನಲ್ಲೂ ಕಂಡರು. ಕುರ್ಚಿ ತುಂಬಿದೆ, ಕೆಲಸ ನಡೆಯುವುದಿಲ್ಲ. ಜೊತೆಗೆ ಕೋಶದೊಳಗೆ ಉಗ್ರ ಆಮ್ಲಜನಕದ ಕಣಗಳು ಹೆಚ್ಚಿ ಪೊರೆಗಳನ್ನು ಸುಡುತ್ತವೆ, ಕೋಶ ವಿಭಜನೆ ನಿಲ್ಲುತ್ತದೆ.

ಅದೇ ಸಂಶೋಧನೆಯ ಇನ್ನೊಂದು ಮಾತು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಾಮ್ರ ಸೇರಿದ ಹರಿತ್ತು ಸಹಜ ಹರಿತ್ತಿಗಿಂತ ಗಟ್ಟಿ, ಬೇಗ ಬಣ್ಣಗೆಡುವುದಿಲ್ಲ. ಹಾಗಾಗಿ ಮಂದ ಬೆಳಕಿನಲ್ಲಿ ಲೋಹದಿಂದ ಸತ್ತ ಸಸ್ಯವೂ ಹಸಿರಾಗಿಯೇ ಕಾಣಬಹುದು. ತಿಂಡಿ ತಿನಿಸಿಗೆ ಹಾಕುವ ಒಂದು ಹಸಿರು ಬಣ್ಣವನ್ನು ಹರಿತ್ತಿಗೆ ತಾಮ್ರ ಸೇರಿಸಿಯೇ ತಯಾರಿಸುವುದು, ಬಣ್ಣ ಉಳಿಯಲಿ ಎಂದು.

ಪಾಚಿ ಸುಮ್ಮನೆ ಸಾಯುವುದಿಲ್ಲ, ಹೋರಾಡುತ್ತದೆ. ಕೋಶಭಿತ್ತಿಯಲ್ಲೇ ಸ್ವಲ್ಪ ಲೋಹವನ್ನು ಅಂಟಿಸಿಕೊಂಡು ಒಳಗೆ ಬಿಡುವುದಿಲ್ಲ. ಒಳಗೆ ನುಗ್ಗಿದ್ದನ್ನು ಫೈಟೋಕೆಲಾಟಿನ್ ಎಂಬ ಪುಟ್ಟ ಪ್ರೋಟೀನ್ ಸರಪಳಿಗಳಿಂದ ಕಟ್ಟಿ ಮೂಲೆಗೆ ತಳ್ಳುತ್ತದೆ. ಈ ಶಕ್ತಿ ಎಲ್ಲಕ್ಕೂ ಸಮನಾಗಿಲ್ಲ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಬ್ರಯನ್ ವಿಟ್ಟನ್ 1970ರಲ್ಲಿ ಹರಿಯುವ ನೀರಿನ ಹಸಿರು ಪಾಚಿಗಳ ಮೇಲೆ ಸತು, ತಾಮ್ರ ಮತ್ತು ಸೀಸದ ಪರಿಣಾಮ ನೋಡಿದರು. ಕ್ಲಾಡೋಫೋರಾ ಬೇಗ ಸೋಲುವ ಜಾತಿ. ಸ್ಟಿಜಿಯೋಕ್ಲೋನಿಯಂ ಎಂಬ ಇನ್ನೊಂದು ಎಳೆಪಾಚಿ ಬಹಳಷ್ಟು ತಡೆದುಕೊಳ್ಳುತ್ತದೆ.

ಅಂದರೆ ಲೋಹ ಬಂದಾಗ ಕೆರೆಯ ಹಸಿರೆಲ್ಲ ಮಾಯವಾಗುವುದಿಲ್ಲ. ಮೃದುವಾದವು ಹೋಗಿ ಗಟ್ಟಿಗರು ಉಳಿಯುತ್ತಾರೆ. ಅದರ ಮೇಲೆ ನಮ್ಮ ಚರಂಡಿಗಳು ಸಾರಜನಕ ಮತ್ತು ರಂಜಕವನ್ನು ಧಾರಾಳವಾಗಿ ಬಡಿಸುವುದರಿಂದ ಉಳಿದವು ಮತ್ತಷ್ಟು ದಟ್ಟವಾಗಿ ಬೆಳೆಯುತ್ತವೆ. ದಾರಿಯಲ್ಲಿ ನಿಂತು ನೋಡುವವರಿಗೆ ಕೆರೆ ಹಸಿರೋ ಹಸಿರು.

ಚರಂಡಿ ಮಾಲಿನ್ಯವನ್ನು ಪಾಚಿಯಿಂದ ಅಳೆಯಲು ಸಿ. ಮರ್ವಿನ್ ಪಾಮರ್ 1969ರಲ್ಲಿ ಒಂದು ಅಂಕಪಟ್ಟಿ ಮಾಡಿದರು. 20 ಕುಲಗಳಿಗೆ 1ರಿಂದ 5ರವರೆಗೆ ಅಂಕ. ಯೂಗ್ಲಿನಾಗೆ 5, ಸೆನೆಡೆಸ್ಮಸ್‌ಗೆ 4. ಒಂದು ಮಾದರಿಯಲ್ಲಿ ಒಟ್ಟು 20 ದಾಟಿದರೆ ಸಾವಯವ ಮಾಲಿನ್ಯ ಜೋರಾಗಿದೆ ಎಂದು ಅರ್ಥ. ನಮ್ಮ ಧಾರವಾಡದ ಕೆರೆ ಕುಂಟೆಗಳ ಪಾಚಿಯ ಮೇಲೂ ಹೊಸಮನಿ ಮತ್ತು ಭಾರತಿ ಎಂಬ ಸಂಶೋಧಕರು 1980ರಲ್ಲೇ ಪ್ರಬಂಧ ಬರೆದಿದ್ದಾರೆ. ರಾಜಕಾಲುವೆ ಕೆರೆ ಸೇರುವ ಕಡೆಯಿಂದ ತಂದ ನನ್ನ ಬಾಟಲಿಯಲ್ಲಿ ಯೂಗ್ಲಿನಾ, ಸೆನೆಡೆಸ್ಮಸ್ ಕಿಕ್ಕಿರಿದಿದ್ದವು. ಕ್ಲಾಡೋಫೋರಾ ಒಂದು ಎಳೆಯೂ ಸಿಗಲಿಲ್ಲ. ಅಷ್ಟಕ್ಕೇ ಲೋಹದ ಮೇಲೆ ತಪ್ಪು ಹೊರಿಸುವಂತಿಲ್ಲ, ಅದಕ್ಕೆ ಬೇರೆ ಯಂತ್ರದ ಅಳತೆ ಬೇಕು. ಆದರೆ 'ಏನಿದೆ' ಎನ್ನುವುದರ ಜೊತೆಗೆ 'ಏನಿಲ್ಲ' ಎಂದೂ ಕೇಳಬೇಕು ಎಂದು ಕಲಿತೆ.

ನಮಗೆ ನೀರು, ಪಾಚಿಗೆ ವಿಷ

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ (ಐಎಸ್ 10500, 2012) ಒಂದು ಲೀಟರ್‌ನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001 ಮಿಲಿಗ್ರಾಂ ಮೀರಬಾರದು. ತಾಮ್ರಕ್ಕೆ 0.05 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೂ ಸಹಿಸಬಹುದು. ಈಗ ನನ್ನ ಫ್ಲಾಸ್ಕ್‌ಗಳನ್ನು ನೆನಪಿಸಿಕೊಳ್ಳಿ. 0.5ಕ್ಕೇ ಸೆನೆಡೆಸ್ಮಸ್ ನೆಲ ಕಚ್ಚಿತ್ತು. ಮನುಷ್ಯ ಕುಡಿದು ತಡೆದುಕೊಳ್ಳುವ ನೀರಿನಲ್ಲಿ ಪಾಚಿ ಬದುಕದಿರಬಹುದು. ಕೆರೆ ಸರಿಯಿದೆಯೇ ಎಂದು ಮನುಷ್ಯರ ಮಾನದಂಡ ಹಿಡಿದು ನೋಡಿದರೆ ಅಡುಗೆಮನೆಯ ಬೆಂಕಿ ನಮಗೆ ಕಾಣುವುದೇ ಇಲ್ಲ.

ಪಾಚಿ ಸಾಯದೆ ಉಳಿದರೂ ಅಪಾಯ ಮುಗಿಯುವುದಿಲ್ಲ. ಅದು ಹೀರಿಟ್ಟುಕೊಂಡ ಲೋಹ ತಿನ್ನುವವರಿಗೆ ವರ್ಗವಾಗುತ್ತದೆ. ಮೀಥೈಲ್ ಪಾದರಸದ ವಿಷಯದಲ್ಲಿ ಅತಿ ದೊಡ್ಡ ಜಿಗಿತ ನೀರಿನಿಂದ ಸೂಕ್ಷ್ಮ ಪಾಚಿಗೆ ಆಗುವುದು. ಹತ್ತು ಸಾವಿರ ಪಟ್ಟಿನಿಂದ ಲಕ್ಷ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಲ್ಲಿಂದ ಮೀನಿಗೆ, ಮೀನಿನಿಂದ ತಟ್ಟೆಗೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗ ಹೀಗೆ ಮೀನಿನ ಮೂಲಕವೇ ಜನರನ್ನು ತಲುಪಿತ್ತು.

ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ. ಬೇಸಿಗೆಯಲ್ಲಿ ಕೆರೆಗೋಡು ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ರೂಢಿ, ಒಳ್ಳೆಯ ಗೊಬ್ಬರ. ಕೊಳೆತುಹೋಗುವ ಕಸವಾದರೆ ಸರಿ, ಲೋಹ ಕೊಳೆಯುವುದಿಲ್ಲ. ಸತ್ತ ಪಾಚಿಯ ಜೊತೆ ಹೂಳಿಗಿಳಿದ ಸೀಸ ಹತ್ತು ವರ್ಷ ಬಿಟ್ಟು ನೋಡಿದರೂ ಸೀಸವೇ. ಬೆಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಮಣ್ಣು ಮತ್ತು ಬೆಳೆಗಳಲ್ಲಿ ಭಾರಲೋಹ ಅಳೆದು 2006ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2009ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ನಗರದ ಕೆರೆಗಳ ಹೂಳಿನ ಲೋಹಗಳ ಬಗ್ಗೆ ಇನ್ನೊಂದು ಪ್ರಬಂಧ ಬಂತು. ಬೆಳ್ಳಂದೂರಿನ ನೊರೆ ಮತ್ತು 2017ರ ಬೆಂಕಿ ಟಿ.ವಿಯಲ್ಲಿ ಬಂದವು. ಹೂಳಿನೊಳಗಿನ ಲೋಹಕ್ಕೆ ನೊರೆಯೂ ಇಲ್ಲ, ಹೊಗೆಯೂ ಇಲ್ಲ.

"ಬರೀ ತೊಳೆದ ನೀರು ತಾನೆ?"

ಈ ಓದೆಲ್ಲ ಮುಗಿದ ಮೇಲೊಂದು ರಾತ್ರಿ ಅಪ್ಪನನ್ನು ಕೇಳಿದೆ. "ನಿಮ್ಮ ಶೆಡ್ಡಿನ ನೀರು ಎಲ್ಲಿಗೆ ಹೋಗ್ತಿತ್ತು?"

"ಬರೀ ತೊಳೆದ ನೀರು ತಾನೆ? ಮೋರಿಗೆ" ಎಂದರು. ಪ್ಲೇಟಿಂಗ್ ತೊಟ್ಟಿಯ ದ್ರಾವಣ ದುಬಾರಿ, ಮಾಲೀಕರು ಒಂದು ಹನಿಯನ್ನೂ ಚೆಲ್ಲಲು ಬಿಡುತ್ತಿರಲಿಲ್ಲವಂತೆ. ಆದರೆ ತೊಟ್ಟಿಯಿಂದೆತ್ತಿದ ಪ್ರತಿ ನಲ್ಲಿಗೂ ಒಂದಿಷ್ಟು ದ್ರಾವಣ ಅಂಟಿರುತ್ತದೆ. ಅದನ್ನು ನೀರಿನಲ್ಲಿ ಜಾಲಿಸಬೇಕು. "ಕ್ರೋಮಿನ ತೊಳೆ ನೀರು ಅರಿಶಿನದ ನೀರಿನ ಥರ ಇರ್ತಿತ್ತು" ಎಂದು ಅಪ್ಪ ನೆನಪಿಸಿಕೊಂಡರು. ಆ ಹಳದಿ ಆರು ವೇಲೆನ್ಸಿಯ ಕ್ರೋಮಿಯಂನದು, ಕ್ರೋಮಿಯಂನ ರೂಪಗಳಲ್ಲಿ ಹೆಚ್ಚು ವಿಷಕಾರಿಯಾದದ್ದು. ಪೀಣ್ಯದ ಅಂತರ್ಜಲದಲ್ಲಿ ಸಿಕ್ಕಿದ್ದೂ ಇದೇ.

ಅಪ್ಪನ ಬೆರಳ ಸಂದುಗಳಲ್ಲಿ ವರ್ಷಗಟ್ಟಲೆ ಕಜ್ಜಿಯಂತೆ ಒಡೆದ ಚರ್ಮ ಇತ್ತು. ಬಟ್ಟೆ ಸೋಪಿನಿಂದ ಎಂದು ನಾವೆಲ್ಲ ನಂಬಿದ್ದೆವು. ನಿಕಲ್ ಮುಟ್ಟುವವರಿಗೆ ಚರ್ಮದ ಅಲರ್ಜಿ ಸಾಮಾನ್ಯ ಎಂದು ನಾನು ಓದಿದ್ದು ಪಾಚಿಯ ಪುಸ್ತಕಗಳ ನಡುವೆ. ಲಾಕ್‌ಡೌನ್‌ನಲ್ಲಿ ಶೆಡ್ಡು ಮುಚ್ಚಿತು. ಅಪ್ಪ ಈಗ ಅಪಾರ್ಟ್‌ಮೆಂಟ್ ಒಂದರ ಸೆಕ್ಯುರಿಟಿ. ಬೆರಳು ವಾಸಿಯಾಗಿವೆ, ಸಂಬಳ ಕಡಿಮೆಯಾಗಿದೆ.

ಅಪ್ಪನನ್ನು ಅಪರಾಧಿ ಮಾಡಲು ನನಗೆ ಮನಸ್ಸಿಲ್ಲ. ಆ ತೊಳೆ ನೀರನ್ನು ಶುದ್ಧಗೊಳಿಸುವುದು ರಾಕೆಟ್ ವಿಜ್ಞಾನವೇನಲ್ಲ. ಆಮ್ಲೀಯ ನೀರಿಗೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹಳದಿ ಕ್ರೋಮಿಯಂ ಕಡಿಮೆ ವಿಷದ ಮೂರು ವೇಲೆನ್ಸಿಯ ರೂಪಕ್ಕೆ ಇಳಿಯುತ್ತದೆ. ಆಮೇಲೆ ಸುಣ್ಣ ಹಾಕಿದರೆ ಲೋಹ ಗಸಿಯಾಗಿ ತಳಕ್ಕೆ ಕೂರುತ್ತದೆ. ಗಸಿಯನ್ನು ಅಪಾಯಕಾರಿ ತ್ಯಾಜ್ಯವಾಗಿ ಬೇರೆಯೇ ವಿಲೇವಾರಿ ಮಾಡಬೇಕು. ಐದಾರು ಜನ ದುಡಿಯುವ ಶೆಡ್ಡಿಗೆ ಇದರ ಖರ್ಚು ಭಾರ, ಅದಕ್ಕೇ ಹಲವು ಘಟಕಗಳು ಸೇರಿ ಬಳಸುವ ಸಾಮಾನ್ಯ ಶುದ್ಧೀಕರಣ ಘಟಕ ಎಂಬ ವ್ಯವಸ್ಥೆ ಇದೆ. ಅದು ಸಣ್ಣವರ ಬಾಗಿಲಿಗೆ, ಸಣ್ಣವರಿಗೆ ಎಟಕುವ ದರದಲ್ಲಿ ಬರಬೇಕು. ಅಪ್ಪನ ಕೆಲಸವೂ ಉಳಿಯಬೇಕು, ಕೆರೆಯ ಪಾಚಿಯೂ ಉಳಿಯಬೇಕು ಎಂದರೆ ಲೋಹವನ್ನು ಹಿಡಿಯಬೇಕಾದ ಜಾಗ ಶೆಡ್ಡಿನ ಬಾಗಿಲು. ಕೆರೆ ಸೇರಿದ ಮೇಲೆ ತಡ.

ಪಾಚಿಯೇ ಲೋಹ ಹೀರುತ್ತದಲ್ಲ, ಅದನ್ನೇ ಬಿಟ್ಟು ಕೆರೆ ಶುದ್ಧ ಮಾಡಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ತೊಟ್ಟಿಗಳಲ್ಲಿ ಅಂಥ ಪ್ರಯೋಗಗಳು ನಡೆಯುತ್ತಿವೆ. ಆದರೆ ಹೀರಿದ ಪಾಚಿಯನ್ನು ಹೊರತೆಗೆದು ಸುರಕ್ಷಿತವಾಗಿ ವಿಲೇವಾರಿ ಮಾಡದಿದ್ದರೆ, ಅದು ಸತ್ತ ದಿನ ಲೋಹ ವಾಪಸ್ ಕೆರೆಗೇ.

ಮೂಲದಲ್ಲೇ ತಡೆದರೆ ಫಲ ಸಿಗುತ್ತದೆ ಎಂಬುದಕ್ಕೆ ನಮ್ಮ ಮುಂದೆ ಉದಾಹರಣೆಗಳಿವೆ. 2000ದಲ್ಲಿ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲ್ ನಿಂತಿತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಗಣೇಶನ ಮೂರ್ತಿಗೆ ವಿಷಕಾರಿ ಬಣ್ಣ ಬಳಿಯಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಪರಿಷ್ಕೃತ ಮಾರ್ಗಸೂಚಿ ಹೇಳುತ್ತದೆ. ಮಣ್ಣಿನ ಗಣಪನನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಹಳೆ ಬ್ಯಾಟರಿ, ಟ್ಯೂಬ್‌ಲೈಟ್, ಒಡೆದ ಮೊಬೈಲನ್ನು ಮನೆ ಕಸಕ್ಕೆ ಸೇರಿಸದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡುವುದೂ.

ಹಾಗಾದರೆ ಏನು ಮಾಡ್ತೀಯ?

ಕೆಲಸ ಹುಡುಕುವ ಗೆಳೆಯರಿಗಾಗಿ ಇದನ್ನೂ ಹೇಳಿಬಿಡುತ್ತೇನೆ. ಪಾಚಿ ಓದಿದವರಿಗೆ ಬಾಗಿಲುಗಳಿವೆ. ಹೊಸ ಕೀಟನಾಶಕ, ರಾಸಾಯನಿಕಗಳ ಸುರಕ್ಷತೆ ನೋಡಲು ಜಗತ್ತಿನಾದ್ಯಂತ ಬಳಸುವ ಪರೀಕ್ಷೆಗಳಲ್ಲಿ 72 ಗಂಟೆಗಳ ಪಾಚಿ ಬೆಳವಣಿಗೆಯ ಪರೀಕ್ಷೆಯೂ ಒಂದು. ಅದಕ್ಕೆ ಹೆಚ್ಚಾಗಿ ಬಳಸುವ ಅರ್ಧಚಂದ್ರದಂಥ ಹಸಿರು ಪಾಚಿಯನ್ನು 1959ರಲ್ಲಿ ನಾರ್ವೆಯ ಒಂದು ನದಿಯಿಂದ ಬೇರ್ಪಡಿಸಿದ್ದು. ಇಂಥ ಪರೀಕ್ಷೆ ಮಾಡುವ ಖಾಸಗಿ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ. ಮಾಲಿನ್ಯ ನಿಯಂತ್ರಣ ಮಂಡಳಿ, ನೀರು ಪರೀಕ್ಷಾ ಕೇಂದ್ರಗಳು, ದೊಡ್ಡ ಅಪಾರ್ಟ್‌ಮೆಂಟ್‌ಗಳ ಕೊಳಚೆ ಶುದ್ಧೀಕರಣ ಘಟಕಗಳು, ಪರಿಸರ ಸಲಹಾ ಸಂಸ್ಥೆಗಳೂ ಇವೆ. ಬಾಟನಿ, ಜುವಾಲಜಿ, ಕೆಮಿಸ್ಟ್ರಿ ಓದುತ್ತಿರುವವರು ಡಿಗ್ರಿಯ ಜೊತೆಗೆ ಎರಡು ಕೌಶಲ ಕಲಿಯಿರಿ: ಮೈಕ್ರೋಸ್ಕೋಪಿನಲ್ಲಿ ಜಾತಿ ಗುರುತಿಸುವುದು, ಮತ್ತು ಲೋಹ ಅಳೆಯುವ ಆಟಮಿಕ್ ಅಬ್ಸಾರ್ಪ್ಷನ್ ಯಂತ್ರ ನಡೆಸುವುದು. ಎರಡನ್ನೂ ಬಲ್ಲವರು ಒಂದೇ ಬಾಟಲಿ ನೀರಿನಿಂದ ಎರಡು ಪ್ರಶ್ನೆಗೆ ಉತ್ತರ ತೆಗೆಯಬಲ್ಲರು: ಲೋಹ ಎಷ್ಟಿದೆ, ಮತ್ತು ಅದರಿಂದ ಯಾರಿಗೆ ಏನಾಗಿದೆ.

ಪ್ರಾಜೆಕ್ಟ್ ಮುಗಿದ ವಾರ ಅಪ್ಪ ನೈಟ್ ಶಿಫ್ಟ್ ಮುಗಿಸಿ ನೇರ ಕೆರೆ ಏರಿಗೆ ಬಂದರು. ನಾನು ಕೊನೆಯ ಮಾದರಿ ತೆಗೆಯುತ್ತಿದ್ದೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಚೆನ್ನಾಗೇ ಕಾಣ್ತಿದೆಯಲ್ಲಮ್ಮಾ, ಹಸಿರಾಗಿ" ಎಂದರು.

"ಕಾಣುತ್ತೆ ಅಪ್ಪಾ. ಅದನ್ನೇ ಪರೀಕ್ಷೆ ಮಾಡೋದು ನನ್ನ ಕೆಲಸ" ಎಂದೆ.

ಬಾಟಲಿಯ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ ನನ್ನ ಬ್ಯಾಗಿನಲ್ಲಿ ಅವರೇ ಇಟ್ಟರು. ಪಾಚಿ ಓದಿ ಏನು ಮಾಡ್ತೀಯ ಎಂದು ಆಮೇಲೆ ಅವರು ಕೇಳಿಲ್ಲ.